ಕಾರಣದೀಪ

ದೇವರ ಜಗಲಿಯ ಪಕ್ಕದ ಗೂಡಿನಲ್ಲಿಟ್ಟಿದ್ದ ದೀಪ ನೀಲಿಗೆ ತಿರುಗಿತು.

ಇಬ್ಬನಿ ಆಗಷ್ಟೇ ಕಾಲೇಜಿನಿಂದ ಬಂದು, ಬ್ಯಾಗನ್ನು ಸೋಫಾದ ಮೇಲೆ ಎಸೆದು, ಅಜ್ಜಿಯ ಪಕ್ಕ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಒಗ್ಗರಣೆ ಮಂಡಕ್ಕಿಯಲ್ಲಿ ಕಡಲೆಬೀಜ ಆರಿಸಿ ಆರಿಸಿ ತಿನ್ನುತ್ತ, ಏನೋ ಹೇಳಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಹೊರಬಾಗಿಲು ತೆರೆಯಿತು. ಬೂಟು ಬಿಚ್ಚುತ್ತಲೇ ಅವಳಪ್ಪ ಕೊಟ್ರೇಶ ಕೇಳಿದ: "ಫಿಸಿಕ್ಸ್ ಟೆಸ್ಟ್ ಏನಾಯ್ತು?"

ಅಷ್ಟೇ. ಬೈಯಲಿಲ್ಲ, ಗದರಲಿಲ್ಲ. ಲೋಕದ ಅಪ್ಪಂದಿರೆಲ್ಲ ಕೇಳುವುದನ್ನೇ ಕೇಳಿದ. ಮಗಳು "ಪರವಾಗಿಲ್ಲ ಅಪ್ಪಾ" ಎಂದು ಕೈಯಲ್ಲಿದ್ದ ಮಂಡಕ್ಕಿಯನ್ನು ತಟ್ಟೆಗೆ ವಾಪಸು ಹಾಕಿದಳು. ದೀಪ ಹೊತ್ತಿಕೊಂಡಿದ್ದು ಆಗಲೇ. ಅವಳು ಎದ್ದು ಮಹಡಿ ಹತ್ತಿ, ಕೋಣೆಯ ಬಾಗಿಲು ಹಾಕಿಕೊಂಡು, ಕಣ್ಪಟ್ಟಿ ಕಟ್ಟಿಕೊಂಡು ಆಟದೊಳಗೆ ಇಳಿದದ್ದು ಆಮೇಲೆ. ಅವಳು ಹೋಗುತ್ತಾಳೆಂದು ಅವಳಿಗಿಂತ ಮೊದಲು ದೀಪಕ್ಕೆ ಗೊತ್ತಾಗಿತ್ತು.

ಕೊಟ್ರೇಶ ಗೂಡಿನ ಹತ್ತಿರ ಹೋಗಿ ದೀಪವನ್ನು ಬೆರಳಿನಿಂದ ತಟ್ಟಿ ನೋಡಿದ.

"ಇದ್ರಾಗೆ ಏನೋ ತೊಂದ್ರೆ ಐತಿ," ಎಂದ.

"ಮಾಡ್ದೋನು ನೀನೇ ಅಲ್ಲೇನಪ್ಪಾ," ಎಂದರು ಅವನ ತಾಯಿ ಸರ್ವಮಂಗಳಮ್ಮ, ಮೊಮ್ಮಗಳು ಬಿಟ್ಟುಹೋದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚುತ್ತ.

ಹೌದು, ಮಾಡಿದವನು ಅವನೇ. ಡಾಕ್ಟರ್ ಕೊಟ್ರೇಶ ದಾವಣಗೆರೆಯ ನರವಿಜ್ಞಾನಿ. ಶತಮಾನ ಅರ್ಧ ದಾಟಿದ ಆ ವರ್ಷಗಳಲ್ಲಿ ಆಟಗಳು ಪರದೆ ಬಿಟ್ಟು ಕಣ್ಣಿಗೇ ಬಂದಿದ್ದವು. ಮೆತ್ತನೆಯ ಬಟ್ಟೆಯಂಥ ಕಣ್ಪಟ್ಟಿ ಕಟ್ಟಿಕೊಂಡರೆ ಸುತ್ತ ಬೇರೆಯದೇ ಲೋಕ. ಹದಿಹರೆಯದ ಮಕ್ಕಳು ಊಟ, ನಿದ್ದೆ, ಸ್ನಾನ ಮರೆತು ಅದರೊಳಗೆ ಇರುತ್ತಿದ್ದರು. ಸರ್ಕಾರ ನಿಷೇಧ ಹೇರಿ ನೋಡಿತು, ತೆರಿಗೆ ಹಾಕಿ ನೋಡಿತು. ಅಪ್ಪ ಅಮ್ಮಂದಿರು ಪಟ್ಟಿ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿ ನೋಡಿದರು. ಮಕ್ಕಳು ಬೀಗವನ್ನು ತೆಗೆದರೋ ಬೀರುವನ್ನೇ ಒಡೆದರೋ, ಅಂತೂ ವಾಪಸು ಹೋದರು.

ಎಲ್ಲರೂ ಮಕ್ಕಳು ಎಷ್ಟು ಹೊತ್ತು ಆಡುತ್ತಾರೆಂದು ಲೆಕ್ಕ ಹಾಕುತ್ತಿದ್ದಾಗ ಕೊಟ್ರೇಶ ಬೇರೆ ಪ್ರಶ್ನೆ ಕೇಳಿಕೊಂಡ: ಮಗು ಆಟಕ್ಕೆ ಹೋಗುವ ಮುಂಚಿನ ಗಳಿಗೆಯಲ್ಲಿ ಅದರ ಮೈಯೊಳಗೆ ಏನಾಗುತ್ತದೆ? ಕಿವಿಯೋಲೆಯಷ್ಟು ಸಣ್ಣ ಉಪಕರಣವೊಂದನ್ನು ಮಕ್ಕಳ ಕಿವಿಗೆ ಹಾಕಿ, ನಾಡಿ, ಉಸಿರು, ಕತ್ತಿನ ಸ್ನಾಯುಗಳ ಬಿಗಿತ, ಚರ್ಮದ ತೇವ ಎಲ್ಲವನ್ನೂ ಅಳೆದ. ಆಗ ಅವನಿಗೆ ಸಿಕ್ಕಿದ್ದು ನಿಜಕ್ಕೂ ದೊಡ್ಡ ಸಂಗತಿ. ಕೈ ಆಟದ ಕಡೆ ಹೋಗುವುದಕ್ಕೆ ಬಹಳ ಮೊದಲೇ ಮೈ ಹೋಗಿರುತ್ತದೆ. ಉಸಿರು ಗಿಡ್ಡವಾಗುತ್ತದೆ, ಕತ್ತು ಬಿಗಿಯುತ್ತದೆ, ಕಣ್ಣು ಎದುರಿನವರ ಮುಖದಿಂದ ಕೂದಲೆಳೆಯಷ್ಟು ಸರಿಯುತ್ತದೆ. ಮಗುವಿಗೇ ಅದು ಗೊತ್ತಾಗುವುದಿಲ್ಲ. ಆ ಗಳಿಗೆಗೆ ಅವನು 'ಮುಖತಿರುವು' ಎಂದು ಹೆಸರಿಟ್ಟ.

ಮುಂದಿನದು ಸುಲಭವಾಯಿತು. ಮನೆಯ ಸದ್ದುಗಳಿಗೆ ಕಿವಿಗೊಡುವ ಪುಟ್ಟ ದೀಪವೊಂದನ್ನು ಮಾಡಿದ. ಅದು ಮಾತನ್ನು ಶೇಖರಿಸಿಡುವುದಿಲ್ಲ, ಯಾರಿಗೂ ಕಳಿಸುವುದಿಲ್ಲ. ಯಾರ ದನಿ, ಯಾರ ಹೆಜ್ಜೆ, ಯಾರು ಉತ್ತರ ಕೊಡಬೇಕಿದ್ದಲ್ಲಿ ಕೊಡದೆ ಸುಮ್ಮನಾದರು, ಇಷ್ಟನ್ನು ಗುರುತಿಸುತ್ತದೆ. ಮಗುವಿನ ಮುಖ ತಿರುಗಿತೆಂದು ಕಿವಿಯ ಉಪಕರಣ ತಿಳಿಸಿದ ಕೂಡಲೇ ಅದಕ್ಕೆ ಕಾರಣರಾದವರ ಬಣ್ಣದಲ್ಲಿ ಹೊತ್ತಿಕೊಳ್ಳುತ್ತದೆ. ಈ ಮನೆಯಲ್ಲಿ ಕೊಟ್ರೇಶನಿಗೆ ನೀಲಿ, ಅವನ ಹೆಂಡತಿ ಸಿಂಚನಾಳಿಗೆ ಹಸಿರು, ಸರ್ವಮಂಗಳಮ್ಮನಿಗೆ ಹಳದಿ. ಮನೆಯವರು ಯಾರೂ ಕಾರಣರಲ್ಲದೆ ಆಟವೇ ಎಳೆದುಕೊಂಡರೆ ಬಿಳಿ.

ಬಿಳಿಯೇ ಹತ್ತುತ್ತದೆಂದು ಅವನು ನಂಬಿದ್ದ. ರಾಜ್ಯದ ಮನೆಮನೆಯಲ್ಲೂ ಬಿಳಿ ದೀಪ ಹತ್ತಿಸಿ, ಆಟದ ಕಂಪನಿಗಳನ್ನು ಕೋರ್ಟಿನ ಕಟಕಟೆಗೆ ತಂದು ನಿಲ್ಲಿಸುವುದು ಅವನ ಕನಸು. ಅಲ್ಲಿ ಆಡಬೇಕಾದ ಭಾಷಣವನ್ನು ಕನ್ನಡಿಯ ಮುಂದೆ ಆಡಿಯೂ ನೋಡಿದ್ದ. ಪಾಪ, ಬಿಳಿ ಹತ್ತಿದ್ದು ಹುಣ್ಣಿಮೆಗೋ ಅಮಾವಾಸ್ಯೆಗೋ ಒಮ್ಮೆ. ಉಳಿದ ದಿನವೆಲ್ಲ ಪ್ರಯೋಗದ ಮನೆಗಳಲ್ಲಿ ನೀಲಿ, ಹಸಿರು, ನೀಲಿ.

ಅವನ ಸ್ವಂತ ಮನೆಯಲ್ಲೂ ಅದೇ ಕತೆ. ಸಿಂಚನಾ ಕೋಚಿಂಗ್ ಸೆಂಟರಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದಳು. ಸಂಜೆಯಾದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಊಟದ ಮೇಜಿನ ಮೇಲೇ ಊರಿನ ಮಕ್ಕಳ ಡೌಟು ಬಗೆಹರಿಸುವಳು. ಮಗಳು ಎದುರು ನಿಂತು "ಅಮ್ಮಾ" ಎಂದರೆ ಒಂದು ಬೆರಳೆತ್ತಿ 'ತಡಿ' ಎನ್ನುವಳು. ಬೆರಳು ಏಳುವುದಕ್ಕೂ ದೀಪ ಹಸಿರಾಗುವುದಕ್ಕೂ ಸರಿಹೋಗುತ್ತಿತ್ತು.

ಹಳದಿ ಮಾತ್ರ ಒಮ್ಮೆಯೂ ಹತ್ತಿರಲಿಲ್ಲ. ಸರ್ವಮಂಗಳಮ್ಮ ಅಂಥ ದೊಡ್ಡ ಕೆಲಸವನ್ನೇನೂ ಮಾಡುತ್ತಿರಲಿಲ್ಲ. ಮೊಮ್ಮಗಳು ಆಟದ ವಿಷಯ ಹೇಳಿದರೆ ಕೇಳುತ್ತಿದ್ದರು, ಅಷ್ಟೇ.

"ಅಲ್ಲಿ ನಾನು ದೋಣಿ ನಡೆಸ್ತೀನಿ ಅಜ್ಜಿ. ಆ ಕಡೆ ದಡದಿಂದ ಈ ಕಡೆ ದಡಕ್ಕೆ."

"ಎಷ್ಟು ಜನ ಹಿಡಿಸ್ತಾರೆ ಅದ್ರಾಗೆ?"

"ಹನ್ನೆರಡು. ಮಳೆ ಬಂದ್ರೆ ಎಂಟೇ."

"ಒಬ್ಬೊಬ್ರಿಗೆ ಏನ್ ತಗಂತೀಯ?"

"ಏನೂ ಇಲ್ಲಜ್ಜಿ. ಇಳಿಯೋವಾಗ ಥ್ಯಾಂಕ್ಸ್ ಅಂತಾರೆ. ಎಲ್ರೂ ಅಂತಾರೆ, ಗೊತ್ತಾ?"

"ನಾನೂ ಆಡೀನಿ ಬಿಡು ಆಟಾನ. ನಿಮ್ಮಪ್ಪ ಹೊಟ್ಟೇಲಿದ್ದಾಗ ಮೊಬೈಲಾಗೆ ಮಿಠಾಯಿ ಜೋಡ್ಸೋ ಆಟ. ಸಾರು ಹೊತ್ತಿ ಹೋಗಿತ್ತು ಒಂದಿನ," ಎಂದು ಅಜ್ಜಿ ನಕ್ಕರೆ ಮೊಮ್ಮಗಳೂ ನಗುತ್ತಿದ್ದಳು. ಅಂಥ ಸಂಜೆಗಳಲ್ಲಿ ಕಣ್ಪಟ್ಟಿ ಕಟ್ಟುವುದು ತಾನಾಗಿಯೇ ತಡವಾಗುತ್ತಿತ್ತು. ಇದನ್ನು ಕೊಟ್ರೇಶ ಕಂಡಿರಲಿಲ್ಲವೆಂದಲ್ಲ. ಕಂಡಿದ್ದ, ಆದರೆ ಅದರಲ್ಲಿ ವಿಜ್ಞಾನವೇನೂ ಇಲ್ಲವೆಂದು ಬಿಟ್ಟಿದ್ದ.

ಊರಿನಲ್ಲಿ ದೀಪ ಇಟ್ಟುಕೊಂಡ ಮನೆಗಳ ಪಾಡು ಕೇಳಬೇಡಿ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಜನ ನಾವು. ಗಂಡ "ನೋಡು, ಹಸಿರು" ಎನ್ನುವನು, ಹೆಂಡತಿ "ನಿನ್ನೆ ರಾತ್ರಿದು ಯಾವ ಬಣ್ಣ, ಅದನ್ನೂ ಹೇಳು" ಎನ್ನುವಳು. ಆಸ್ತಿ ಭಾಗವಾಗುವಾಗ ಅಂಗುಲ ಜಾಗಕ್ಕೆ ಹೊಡೆದಾಡುವವರು ಇಲ್ಲಿ ತಪ್ಪಿನಲ್ಲಿ ನನ್ನ ಪಾಲು ಕಡಿಮೆ, ನನ್ನ ಪಾಲು ಕಡಿಮೆ ಎಂದು ಹೊಡೆದಾಡಿದರು. ಒಂದು ಮನೆಯಲ್ಲಂತೂ ಹಿರಿಯರನ್ನು ಕೂಡಿಸಿ, ಎಲೆ ಅಡಿಕೆ ಇಟ್ಟು, ತಪ್ಪನ್ನು ಅಣ್ಣತಮ್ಮಂದಿರ ನಡುವೆ ಪಾಲು ಮಾಡಿದರಂತೆ. ಅಷ್ಟು ಹೊತ್ತೂ ಹುಡುಗ ಪಕ್ಕದ ಕೋಣೆಯಲ್ಲಿ ಆಡುತ್ತಿದ್ದ. ನೆಂಟರು ಬಂದರೆ ದೀಪಕ್ಕೆ ಕರವಸ್ತ್ರ ಮುಚ್ಚುವವರು, ಅದರ ಹಣೆಗೆ ವಿಭೂತಿ ಹಚ್ಚಿ ಕೈಮುಗಿಯುವವರು, ಎಲ್ಲರೂ ಇದ್ದರು.

ಇಷ್ಟಾದರೂ ಆರೋಗ್ಯ ಇಲಾಖೆಗೆ ದೀಪ ಹಿಡಿಸಿತ್ತು. ತಜ್ಞರ ಸಮಿತಿಯೊಂದು ಬಂದು ಪರೀಕ್ಷಿಸಿ ಒಪ್ಪಿಗೆ ಕೊಟ್ಟರೆ ರಾಜ್ಯದ ಮನೆಮನೆಗೂ ಹಂಚುವುದೆಂದು ತೀರ್ಮಾನವಾಗಿತ್ತು. ಸಮಿತಿ ನೋಡಲಿರುವ ಮಾದರಿ ಮನೆ ಕೊಟ್ರೇಶನದೇ. ಮಾಡಿದವನ ಮನೆಯಲ್ಲೇ ಮಗಳು ನೆಟ್ಟಗಾಗದಿದ್ದರೆ ಊರವರ ಮಕ್ಕಳು ಆಗುತ್ತಾರೆಯೆ? ಮಗಳು ವಾಪಸು ಬರಬೇಕೆನ್ನುವ ಆಸೆ ಅವನಿಗೆ ನಿಜವಾಗಿ ಇತ್ತು, ಸುಳ್ಳು ಹೇಳಬಾರದು. ಆದರೆ ಅದರ ಜೊತೆಗೆ ಸಮಿತಿಯ ಮುಂದೆ ದೀಪ ನೀಲಿಯಾಗಬಾರದೆನ್ನುವ ಆಸೆಯೂ ಸೇರಿಕೊಂಡಿತು. ಎರಡರಲ್ಲಿ ಯಾವುದು ದೊಡ್ಡದೆಂದು ಅವನು ತೂಗಿ ನೋಡಲಿಲ್ಲ.

ಈ ಸೀಮೆಯ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ. ಅಪ್ಪನಾದವನು ಮಕ್ಕಳೊಂದಿಗೆ ನೇರ ಮಾತಾಡುವುದು ಕಡಿಮೆ. ಮಗ ಎದುರಿಗೇ ಕೂತಿರುತ್ತಾನೆ, ಆದರೂ ಅಪ್ಪ ಅಡುಗೆಮನೆಯ ಕಡೆ ಮುಖಮಾಡಿ "ನಿನ್ನ ಮಗನಿಗೆ ಹೇಳು" ಎನ್ನುತ್ತಾನೆ. ತಾಯಿ ಬಂದು ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಾಳೆ. ಮಗ ಅದನ್ನು ಆಗ ಕೇಳಿಸಿಕೊಂಡವನಂತೆ ತಲೆಯಾಡಿಸುತ್ತಾನೆ. ಕೊಟ್ರೇಶನ ತಂದೆ ಬದುಕಿದ್ದಷ್ಟು ಕಾಲ ಮಗನಿಗೆ ಹೇಳಬೇಕಾದ್ದನ್ನೆಲ್ಲ ಸರ್ವಮಂಗಳಮ್ಮನ ಬಾಯಿಂದಲೇ ಹೇಳಿಸಿದ್ದರು. ಇಕ್ಕಟ್ಟಿಗೆ ಸಿಕ್ಕಾಗ ಕೊಟ್ರೇಶನಿಗೆ ನೆನಪಾದದ್ದು ಅದೇ ದಾರಿ.

"ಅವ್ವಾ, ಇನ್ಮೇಲೆ ಇಬ್ಬನಿ ಓದಿನ ವಿಷ್ಯ ನೀನೇ ಕೇಳು. ನೀನು ಕೇಳಿದ್ರೆ ಅವಳಿಗೆ ಬೇಜಾರಾಗಲ್ಲ."

"ನಿಮ್ ಫಿಸಿಕ್ಸ್ ನಂಗೇನ್ ತಿಳೀತತಿ? ನಾನು ಓದಿದ್ದು ಬಿ.ಕಾಂ."

"ತಿಳಿಯೋದು ಬ್ಯಾಡ. ಕೇಳಿದ್ರೆ ಸಾಕು. ಟೆಸ್ಟ್ ಏನಾಯ್ತು, ಯಾಕೆ ಕಡಿಮೆ ಬಂತು, ಅಷ್ಟೇ."

"ಅಂದ್ರೆ ಮಾತು ನಿಂದು, ಬಾಯಿ ನಂದು."

"ಹಂಗಲ್ಲ ಅವ್ವಾ..."

"ಹಂಗೇ ಐತಿ ಬಿಡು. ನಿಮ್ಮಪ್ಪನೂ ಹಿಂಗೇ ಮಾಡ್ತಿದ್ರು. ರೂಢಿ ಐತಿ ನಂಗೆ."

ಮೊದಮೊದಲು ಉಪಾಯ ಫಲಿಸಿತು. ಅಜ್ಜಿ ಕೇಳುತ್ತಿದ್ದರು, ಮೊಮ್ಮಗಳು ನಕ್ಕು ಏನೋ ಒಂದು ಹೇಳುತ್ತಿದ್ದಳು, ದೀಪ ಸುಮ್ಮನಿರುತ್ತಿತ್ತು. ಕೊಟ್ರೇಶ ಹಿಗ್ಗಿದ. ದಾರಿ ಸಿಕ್ಕಿದ್ದೇ ತಡ ಸಿಂಚನಾಳೂ ಅದನ್ನೇ ಹಿಡಿದಳು. "ಅತ್ತೆ, ಕೋಣೆ ಗುಡಿಸೋಕೆ ಹೇಳಿ ಅವಳಿಗೆ." "ಅತ್ತೆ, ಎದುರು ಮನೆ ಹುಡುಗೀಗೆ ಎಷ್ಟು ಬಂತಂತೆ ಅಂತ ಹೇಳಿ." "ಅತ್ತೆ, ನಾನು ಕ್ಲಾಸಲ್ಲಿದೀನಿ, ಆಮೇಲೆ ಮಾತಾಡ್ತೀನಿ ಅಂತ ಹೇಳಿ." ಒಂದೇ ಮನೆಯಲ್ಲಿ, ಒಂದೇ ಹಜಾರದಲ್ಲಿ, ಎಲ್ಲರ ಮಾತನ್ನೂ ಸರ್ವಮಂಗಳಮ್ಮ ಹೊತ್ತು ಮಗುವಿನ ಮುಂದೆ ಇಳಿಸಬೇಕಾಯಿತು. ಇಷ್ಟು ಹೊರೆ ಹೊತ್ತ ಮೇಲೆ ದೋಣಿಯ ಮಾತಿಗೆ ಜಾಗವೆಲ್ಲಿ?

ಒಂದು ಸಂಜೆ ಕೊಟ್ರೇಶ ಮೆಟ್ಟಿಲಿಳಿಯುತ್ತಿದ್ದಾಗ ತಾಯಿಯ ದನಿ ಕೇಳಿ ಅಲ್ಲೇ ನಿಂತ.

"ಮಗಳೇ, ಕೆಮಿಸ್ಟ್ರಿ ಟೆಸ್ಟ್‌ನಾಗೆ ಯಾಕೆ ಕಡಿಮೆ ಬಂತು?"

ಇಬ್ಬನಿ ಅಜ್ಜಿಯ ಮುಖವನ್ನೇ ನೋಡಿದಳು. ನಗಲಿಲ್ಲ.

"ಅಜ್ಜೀ, ನೀನೂ ಶುರು ಮಾಡಿದ್ಯಾ?"

ಗೂಡಿನಲ್ಲಿ ಹಳದಿ ಹತ್ತಿತು. ದೀಪ ಬಂದಾಗಿನಿಂದ ಆ ಮನೆಯಲ್ಲಿ ಹಳದಿ ಹತ್ತಿದ್ದು ಅದೇ ಮೊದಲು. ಸರ್ವಮಂಗಳಮ್ಮ ಅದರ ಕಡೆ ತಿರುಗಿ ನೋಡಿದರು, ಮತ್ತೆ ಮೆಟ್ಟಿಲ ಮೇಲಿದ್ದ ಮಗನ ಕಡೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಕೊಟ್ರೇಶನಿಗೆ ಎದೆಯಲ್ಲಿ ಚುರುಕ್ಕೆಂದಿತು. ಆದರೂ ಸತ್ಯ ಹೇಳಬೇಕೆಂದರೆ, ನೀಲಿ ಹತ್ತಲಿಲ್ಲವಲ್ಲ ಎಂಬ ಸಮಾಧಾನವೂ ಅದೇ ಎದೆಯಲ್ಲಿತ್ತು.

ಆಮೇಲೆ ದಿನವೂ ಹಳದಿ. ಸರ್ವಮಂಗಳಮ್ಮ ಬಾಯಿ ತೆರೆಯುವ ಮುಂಚೆ ದೀಪದ ಕಡೆ ನೋಡತೊಡಗಿದರು. ಅವರು ಹೆದರಿ ಸುಮ್ಮನಾದರೆ ಅದಕ್ಕೂ ಹಳದಿ ಹತ್ತುತ್ತಿತ್ತು, ಉತ್ತರ ಬರಬೇಕಾದ ಕಡೆ ಬಾರದ ಮೌನವೂ ಕಾರಣವೇ ಎಂದು ದೀಪಕ್ಕೆ ಕಲಿಸಿದವನು ಕೊಟ್ರೇಶನೇ ಅಲ್ಲವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತಾಯಿಯ ಬಾಯಲ್ಲಿ ಮಾತು ಇಟ್ಟವನು ತಾನೆಂಬುದು ತಿಂಗಳು ಕಳೆಯುವಷ್ಟರಲ್ಲಿ ಅವನಿಗೇ ಮರೆತಿತ್ತು. ವಿಜ್ಞಾನಿ ನೋಡಿ, ಕಣ್ಣಿಗೆ ಕಂಡದ್ದನ್ನು ನಂಬಬೇಕು. ಕಣ್ಣಿಗೆ ಕಂಡದ್ದು ಹಳದಿ.

"ನಂಗೂ ಹೇಳೋಕೆ ಸಂಕಟ ಆಗ್ತತಿ ಸಿಂಚು," ಎಂದ ಹೆಂಡತಿಗೆ. "ಆದ್ರೆ ಅವ್ವನ ಕಾಲ ಬೇರೆ, ಈ ಮಕ್ಕಳ ಕಾಲ ಬೇರೆ. ಅವ್ವಂಗೆ ಇವಳ ಹತ್ರ ಹೆಂಗ್ ಮಾತಾಡ್ಬೇಕು ಅಂತ ತಿಳೀತಾ ಇಲ್ಲ."

"ಕಮಿಟಿ ಬಂದುಹೋಗೋವರ್ಗಾದ್ರೂ ರಾಣೆಬೆನ್ನೂರಿಗೆ ಹೋಗಿದ್ರೆ ಒಳ್ಳೇದು," ಎಂದಳು ಸಿಂಚನಾ. ರಾಣೆಬೆನ್ನೂರಿನಲ್ಲಿ ಕೊಟ್ರೇಶನ ತಂಗಿಯ ಮನೆ.

ತಾಯಿಗೆ ಹೇಳುವಾಗ ಅವನಿಗೆ ಮಾತು ತೊದಲಿತು. ಹವಾ ಬದಲಾವಣೆ ಅಂದ, ತಂಗಿ ಕರೀತಿದ್ದಾಳೆ ಅಂದ. ಸರ್ವಮಂಗಳಮ್ಮ ಬಟ್ಟೆ ಮಡಚುತ್ತ ಕೇಳಿಸಿಕೊಂಡರು.

"ದೀಪಾನ ಸಿಂಚನಾ ಕೈಲಿ ಒರೆಸ್ಸು. ಊದುಬತ್ತಿ ಹೊಗೆ ಕೂತೈತಿ ಅದ್ರ ಮ್ಯಾಲೆ," ಎಂದರು.

ಸಂಜೆ ಕಾಲೇಜಿನಿಂದ ಬಂದ ಇಬ್ಬನಿ ಅಜ್ಜಿ ಕೂರುತ್ತಿದ್ದ ಜಾಗದ ಎದುರು ಬ್ಯಾಗು ಹಿಡಿದು ನಿಂತಳು.

"ಅಜ್ಜಿ ಎಲ್ಲಿ?"

"ರಾಣೆಬೆನ್ನೂರಿಗೆ ಹೋದ್ರು. ಸ್ವಲ್ಪ ದಿನ," ಎಂದ ಕೊಟ್ರೇಶ.

"ನನಗೆ ಹೇಳ್ದೇನೇ?"

ಕೊಟ್ರೇಶ ಗೂಡಿನ ಕಡೆ ನೋಡಿದ. ದೀಪ ನೀಲಿಯಾಗಿ ಹತ್ತಿತು, ಎಂದೂ ಇಲ್ಲದಷ್ಟು ಹೊತ್ತು ಹಾಗೇ ಉರಿಯಿತು. ಇಬ್ಬನಿ ಮಹಡಿ ಹತ್ತಿ ಹೋದಳು.

ಆಮೇಲೆ ದೀಪ ಹತ್ತಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ನೀಲಿಯಿಲ್ಲ, ಹಸಿರಿಲ್ಲ, ಬಿಳಿಯೂ ಇಲ್ಲ. ಮೊದಮೊದಲು ಕೊಟ್ರೇಶ ಉಸಿರು ಬಿಗಿಹಿಡಿದು ನೋಡಿದ, ಆಮೇಲೆ ಧೈರ್ಯವಾಗಿ ಮಗಳೊಂದಿಗೆ ಮಾತಾಡಿದ. ಊಟಕ್ಕೆ ಕರೆದರೆ ಅವಳು ಬಂದಳು. ಕಣ್ಪಟ್ಟಿಯನ್ನು ಹಣೆಯ ಮೇಲೆ ಸರಿಸಿಕೊಂಡು ಉಂಡು, ತಟ್ಟೆ ತೊಳೆದಿಟ್ಟು ಹೋದಳು. ಓದು ಎಂದರೆ ಓದಿದಳು. ಅಂಕಗಳೂ ಏರಿದವು. ಅಜ್ಜಿ ಫೋನ್ ಮಾಡಿದರೆ "ಹೂಂ ಅಜ್ಜಿ, ಚೆನ್ನಾಗಿದೀನಿ ಅಜ್ಜಿ" ಎಂದು ಇಟ್ಟಳು. ಸಿಂಚನಾ ಸಂತೋಷಕ್ಕೆ ಹೋಳಿಗೆ ಮಾಡಿದಳು. ಆಟದ ಹೊತ್ತೇನೂ ಕಡಿಮೆಯಾಗಿರಲಿಲ್ಲ, ಹೆಚ್ಚೇ ಆಗಿತ್ತು. ಕೊಟ್ರೇಶ ಅದಕ್ಕೂ ವಿವರಣೆ ಇಟ್ಟುಕೊಂಡಿದ್ದ: ಕಾರಣ ಹೋಗಿದೆ, ಅಭ್ಯಾಸ ನಿಧಾನಕ್ಕೆ ಹೋಗುತ್ತದೆ.

ಸಮಿತಿ ಬಂತು. ಅಧ್ಯಕ್ಷೆ ಪ್ರೊಫೆಸರ್ ಜೆಸಿಂತಾ ಲೋಬೊ ಮಂಗಳೂರಿನವರು, ಮಕ್ಕಳ ಮನಃಶಾಸ್ತ್ರದಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಉಳಿದ ಸದಸ್ಯರು ದೀಪವನ್ನು ಸುತ್ತುವರಿದು ಹೊಗಳುತ್ತಿದ್ದಾಗ ಅವರು ಇಬ್ಬನಿಯ ಪಕ್ಕ ಹೋಗಿ ಕೂತರು.

"ಈ ದೀಪ ಹತ್ತಿದ್ರೆ ನಿನಗೆ ಏನನ್ನಿಸ್ತದೆ ಮಗಾ?"

"ಏನೂ ಇಲ್ಲ ಮ್ಯಾಮ್."

"ಹತ್ತದಿದ್ರೆ?"

"ಏನೂ ಇಲ್ಲ ಮ್ಯಾಮ್."

ಹೊರಡುವಾಗ ಗೇಟಿನ ಹತ್ತಿರ ಅವರು ಕೊಟ್ರೇಶನನ್ನು ಪಕ್ಕಕ್ಕೆ ಕರೆದರು. "ಡಾಕ್ಟ್ರೇ, ಒಂದು ಕೇಳ್ಲಿಕ್ಕುಂಟು. ಬಾಗಿಲು ಮುಚ್ಚುವ ಸದ್ದನ್ನು ನಿಮ್ಮ ದೀಪ ಹಿಡೀತದೆ. ಬಾಗಿಲು ಮುಚ್ಚಿಯೇ ಇದ್ರೆ?"

"ಅರ್ಥ ಆಗ್ಲಿಲ್ಲ ಮೇಡಂ."

"ಮುಖ ತಿರುಗಿಸ್ಲಿಕ್ಕೆ ಮೊದ್ಲು ಈ ಕಡೆ ಮುಖ ಇರ್ಬೇಕಲ್ಲ? ಅಷ್ಟು ಹೊತ್ತಲ್ಲಿ ನಿಮ್ಮ ಮಗಳು ಒಂದು ಸಲವೂ ಯಾರ ಮುಖವನ್ನೂ ನೋಡ್ಲಿಲ್ಲ." ಅವರು ಕಾರು ಹತ್ತಿದರು. "ಅಂಕಿಅಂಶ ಸರಿ ಉಂಟು. ಉಳಿದವರಿಗೆಲ್ಲ ಒಪ್ಪಿಗೆ, ನಾನೂ ಸಹಿ ಮಾಡ್ತೇನೆ. ನೀವು ಮಾತ್ರ ಒಮ್ಮೆ ನೋಡಿ."

ಸಹಿ ಮಾಡಿಯೂ ಮಾಡಿದರು. ದೊಡ್ಡವರ ಅನುಮಾನಗಳು ಹೀಗೇ, ಸಹಿಯನ್ನು ತಡೆಯುವಷ್ಟು ಬಲ ಅವಕ್ಕೆ ಇರುವುದಿಲ್ಲ.

ಆ ಮಾತು ಕೊಟ್ರೇಶನನ್ನು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಸಿಂಚನಾ ಕೋಚಿಂಗ್ ಸೆಂಟರಿಗೆ ಹೋಗಿದ್ದಳು. ಇಬ್ಬನಿ ಮೇಜಿನ ಮುಂದೆ ಕೂತು ದೋಸೆ ತಿನ್ನುತ್ತಿದ್ದಳು. ಕಣ್ಪಟ್ಟಿ ಹಣೆಯ ಮೇಲಿತ್ತು. ಅವನು ಎದುರಿನ ಕುರ್ಚಿಯಲ್ಲಿ ಕೂತ. ಅಲ್ಲಿಂದ ಗೂಡು ಕಾಣುತ್ತಿತ್ತು.

"ಫಿಸಿಕ್ಸ್ ಟೆಸ್ಟ್ ಏನಾಯ್ತು?"

"ತೊಂಬತ್ತೊಂದು ಅಪ್ಪಾ."

"ಉಳಿದಿದ್ದೆಲ್ಲಿ ಹೋಯ್ತು?"

"ಮುಂದಿನ ಸಲ ತಗೀತೀನಿ ಅಪ್ಪಾ."

ದೀಪ ಹತ್ತಲಿಲ್ಲ. ಅವನು ದನಿ ಏರಿಸಿದ. ಎದುರು ಮನೆ ಹುಡುಗಿಯ ಹೆಸರೆತ್ತಿ ಹೋಲಿಸಿದ. ನಿನಗಾಗಿ ಎಷ್ಟು ಕಷ್ಟಪಟ್ಟೆ ಅಂದ. ಯಾವ ಮಾತಿಗೆ ಹಿಂದೆಲ್ಲ ಮನೆ ನೀಲಿಯಲ್ಲಿ ಮುಳುಗುತ್ತಿತ್ತೋ ಅವನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆದು ಅವಳ ಮುಂದಿಟ್ಟ. ಕೊನೆಗೆ ಯಾವ ಅಪ್ಪನೂ ಆಡಬಾರದ ಮಾತನ್ನೂ ಆಡಿದ: "ನಿನ್ನಂಥವಳು ಹುಟ್ಟದಿದ್ರೇ ಚೆನ್ನಾಗಿತ್ತು."

"ಸಾರಿ ಅಪ್ಪಾ," ಎಂದಳು ಇಬ್ಬನಿ, ದೋಸೆಯನ್ನು ಚಟ್ನಿಗೆ ಅದ್ದುತ್ತ.

ಗೂಡು ಕತ್ತಲಾಗೇ ಇತ್ತು. ಅವಳ ಕಿವಿಯ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿತ್ತು, ಅವನ ಕೈಗಡಿಯಾರದಲ್ಲಿ ಅವಳ ನಾಡಿ ಕಾಣುತ್ತಿತ್ತು. ಅದು ಒಂದಿಷ್ಟೂ ಅಲುಗಿರಲಿಲ್ಲ. ನೀಲಿ ಹತ್ತಬಾರದೆಂದು ತಿಂಗಳುಗಟ್ಟಲೆ ಹಾರೈಸಿದವನು ಈಗ ಒಂದೇ ಒಂದು ಸಲ ಹತ್ತಲೆಂದು ಗೂಡಿನ ಕಡೆ ದೇವರನ್ನು ನೋಡುವಂತೆ ನೋಡಿದ. ನೋಯಿಸುವಷ್ಟಾದರೂ ತಾನು ಅವಳಿಗೆ ಬೇಕಾಗಿರಲಿ ಎಂದು ಅವನ ಜೀವ ಬೇಡಿಕೊಂಡಿತು.

ಎದ್ದು ಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟ.

"ಇಲ್ಲಮ್ಮ, ಅದು ನಿಜ ಅಲ್ಲ, ಸುಮ್ನೆ ಅಂದೆ. ನಿನ್ನ ಆಟದಾಗೆ ದೋಣಿ ಇತ್ತಲ್ಲ, ಮಳೆ ಬಂದ್ರೆ ಎಂಟೇ ಜನ ಅಂತಿದ್ದೆ... ಅದೆಂಗೈತಿ ಈಗ?"

ಇಬ್ಬನಿ ಸ್ವಲ್ಪ ಹೊತ್ತು ಯೋಚಿಸಿದಳು, ಯಾರೋ ಬಹಳ ಹಿಂದಿನ ವಿಷಯ ಕೇಳಿದಂತೆ.

"ಅದನ್ನ ಬಿಟ್ಟು ತುಂಬಾ ದಿನ ಆಯ್ತು ಅಪ್ಪಾ."

"ಮತ್ತೆ ಅಲ್ಲಿ ಏನ್ ಮಾಡ್ತೀಯ?"

"ಏನೂ ಇಲ್ಲ. ಸುಮ್ನೆ ಇರ್ತೀನಿ."

ತಟ್ಟೆ ತೊಳೆದಿಟ್ಟು, ಪಟ್ಟಿಯನ್ನು ಕಣ್ಣ ಮೇಲೆ ಎಳೆದುಕೊಂಡು, ಮೆಟ್ಟಿಲ ಕಂಬಿ ಹಿಡಿದು ಮೇಲೆ ಹೋದಳು. ಈ ಸಲ ಕೊಟ್ರೇಶ ದೀಪವನ್ನು ತಟ್ಟಿ ನೋಡಲಿಲ್ಲ. ಅದರಲ್ಲಿ ತೊಂದರೆಯಿಲ್ಲವೆಂದು ಅವನಿಗೆ ಗೊತ್ತಿತ್ತು. ಕಾಯುವವರು ಕಾದು ಕಾದು ನಿರಾಸೆಯಾದಾಗ ಮುಖ ತಿರುಗುತ್ತದೆ. ಕಾಯುವುದನ್ನೇ ಬಿಟ್ಟವರಿಗೆ ತಿರುಗಿಸಲು ಮುಖವೆಲ್ಲಿದೆ? ಕೊನೆಯ ಬಾರಿ ಅವಳು ಕಾದದ್ದು "ನನಗೆ ಹೇಳ್ದೇನೇ?" ಎಂದು ಕೇಳಿದ ಸಂಜೆ. ಆ ಮಾತಿಗೆ ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಪ್ರೊಫೆಸರ್ ಲೋಬೊಗೆ ಫೋನ್ ಮಾಡಬೇಕಿತ್ತು. ದೀಪ ಆರಿದ್ದರೆ ಮಗು ಗುಣವಾಗಿದೆ ಎಂದಲ್ಲ, ನಮ್ಮ ಲೆಕ್ಕವೇ ತಲೆಕೆಳಗು ಎಂದು ಹೇಳಬೇಕಿತ್ತು. ಅದನ್ನು ಅವನು ಅಂದೂ ಹೇಳಲಿಲ್ಲ, ಮುಂದೆ ಹಾರ ಹಾಕಿ ಸನ್ಮಾನ ಮಾಡಿದ ದಿನವೂ ಹೇಳಲಿಲ್ಲ. ಆ ಭಾನುವಾರ ಬೆಳಿಗ್ಗೆ ಅವನು ಫೋನ್ ಮಾಡಿದ್ದು ರಾಣೆಬೆನ್ನೂರಿಗೆ.

"ಅವ್ವಾ, ವಾಪಸ್ ಬಾ."

"ಯಾಕಪ್ಪಾ? ಎಲ್ಲ ಸರಿಹೋಗೇತಿ ಅಂತ ಸಿಂಚನಾ ಹೇಳಿದ್ಲು."

"ನೀನು ಬಾ ಅವ್ವಾ."

"ನಾನು ಬಂದ್ರೆ ಹಳದಿ ಹತ್ತುತ್ತೆ ಅಂತ ತಾನೇ ಕಳಿಸಿದ್ರಿ."

"ಹತ್ತಲಿ," ಎಂದ ಕೊಟ್ರೇಶ. "ಹಳದಿನಾದ್ರೂ ಹತ್ತಲಿ ಅವ್ವಾ."

ಆ ಕಡೆ ಸರ್ವಮಂಗಳಮ್ಮ ಮೆಲ್ಲಗೆ ಹೇಳಿದರು.

"ನಿಂಗೆ ಮೂರು ವರ್ಷ ಇದ್ದಾಗ ಊಟಕ್ಕೆ ಬಾಳ ಹಟ ಮಾಡ್ತಿದ್ದೆ. ಒಂದು ಮೊಬೈಲ್ ನಿನ್ನ ಮುಂದೆ ಗೋಡೆಗೆ ಆನಿಸಿ ಇಡ್ತಿದ್ದೆ. ನೀನು ಅದನ್ನ ನೋಡ್ತಾ ಬಾಯಿ ಬಿಡ್ತಿದ್ದೆ, ನಾನು ತುತ್ತು ಇಡ್ತಿದ್ದೆ. ಒಂದಿನ ಸಂಜೆ ಅದ್ರಾಗೆ ಏನು ಕಂಡ್ಯೋ, ನಕ್ಕು ನನ್ನ ಕಡೆ ತಿರುಗ್ದೆ. ನನಗೂ ತೋರ್ಸೋಕೆ. ನಾನು ಇನ್ನೊಂದು ಕೈಯಾಗೆ ನನ್ನ ಮೊಬೈಲ್ ನೋಡ್ತಿದ್ದೆ. ನೀನು ಸ್ವಲ್ಪ ಹೊತ್ತು ನನ್ನೇ ನೋಡ್ದೆ. ಆಮೇಲೆ ಸುಮ್ನೆ ಆ ಕಡೆ ತಿರುಗಿಕೊಂಡೆ. ನಾನು ತಲೆ ಎತ್ತೋದ್ರೊಳಗೆ ನೀನು ತಿರುಗಿಬಿಟ್ಟಿದ್ದೆ."

ಇಬ್ಬನಿ ಬಿಟ್ಟುಹೋದ ಕುರ್ಚಿಯಲ್ಲಿ ಕೊಟ್ರೇಶ ಕೂತ.

"ನಾಳೆ ಬಸ್ಸಿಗೆ ಬರ್ತೀನಿ," ಎಂದರು ಸರ್ವಮಂಗಳಮ್ಮ. "ಹತ್ತುತ್ತೋ ಇಲ್ವೋ, ಅದು ನನ್ನ ಕೈಯಾಗಿಲ್ಲ."

ಆ ವರ್ಷವೇ ಕಾರಣದೀಪ ರಾಜ್ಯದ ಮನೆಮನೆಗೆ ಹೋಯಿತು. ಕೆಲವು ತಿಂಗಳು ಊರೂರು ನೀಲಿ ಹಸಿರಿನಲ್ಲಿ ಮಿನುಗಿತು. ಆಮೇಲೆ ಒಂದೊಂದೇ ಮನೆ ಕತ್ತಲಾಗುತ್ತ ಬಂತು. ಕತ್ತಲಾದ ಮನೆಗಳನ್ನೆಲ್ಲ ಗುಣವಾದ ಮನೆಗಳೆಂದು ಬರೆದುಕೊಂಡು ಸರ್ಕಾರ ಅದನ್ನು ಯಶಸ್ಸೆಂದು ಸಾರಿತು.

ಸರ್ವಮಂಗಳಮ್ಮ ಹೇಳಿದ ಆ ಸಂಜೆ ಅದಕ್ಕೆ ನಾಲ್ಕು ದಶಕ ಹಿಂದಿನದು. ಆಗ ಯಾವ ಮನೆಯ ಗೂಡಿನಲ್ಲೂ ಇಂಥ ದೀಪವಿರಲಿಲ್ಲ. ಗೋಡೆಗೆ ಆನಿಸಿಟ್ಟ ಮೊಬೈಲಿತ್ತು, ಅನ್ನದ ಬಟ್ಟಲಿತ್ತು, ನಕ್ಕು ಈ ಕಡೆ ತಿರುಗಿದ ಒಂದು ಮಗುವಿನ ಮುಖವಿತ್ತು. ಅದನ್ನು ನೋಡಲು ದೀಪ ಬೇಕಿರಲಿಲ್ಲ, ತಲೆ ಎತ್ತಿದ್ದರೆ ಸಾಕಿತ್ತು.